ಜೆಲ್‌ನಲ್ಲಿ ಯುಬಿಕ್ವಿಟಿನ್ ಸರಪಳಿ ಕಾಣದಿದ್ದಾಗ: ಲಕ್ಷಣದಿಂದ ದೋಷದ ಮೂಲಕ್ಕೆ

ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಪ್ರಾಜೆಕ್ಟ್ ಮಾಡುತ್ತಿರುವವರನ್ನೂ, ಮೈಸೂರು ಮತ್ತು ಮಂಡ್ಯದ ಕಾಲೇಜುಗಳಲ್ಲಿ ಪಿಎಚ್‌ಡಿಯ ಮೊದಲ ವರ್ಷದಲ್ಲಿರುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಕೈಪಿಡಿಯನ್ನು ಬರೆದಿದ್ದೇನೆ. ಯುಬಿಕ್ವಿಟಿನ್ ಎಂಬುದು ಜೀವಕೋಶದಲ್ಲಿ ಬೇರೆ ಪ್ರೋಟೀನ್‌ಗಳಿಗೆ ಗುರುತಾಗಿ ಅಂಟುವ, ಒಂದಕ್ಕೊಂದು ಸೇರಿ ಸರಪಳಿಯಾಗಿಯೂ ಬೆಳೆಯುವ ಪ್ರೋಟೀನ್; ಇ1, ಇ2, ಇ3 ಎಂಬ ಕಿಣ್ವಗಳು ಸರದಿಯಂತೆ ದುಡಿದು ಅದನ್ನು ಅಂಟಿಸುತ್ತವೆ. ಯುಬಿಕ್ವಿಟಿನ್ ಪ್ರಯೋಗ ಕೈಕೊಟ್ಟಾಗ ಹೆಚ್ಚಿನವರು ಮೊದಲು ದೂರುವುದು ಇ3 ಕಿಣ್ವವನ್ನು. ತಾವೇ ಕ್ಲೋನ್ ಮಾಡಿ, ತಾವೇ ಶುದ್ಧೀಕರಿಸಿದ ಪ್ರೋಟೀನ್ ಅದಾಗಿರುವುದರಿಂದ ಅನುಮಾನವೂ ಮೊದಲು ಅದರ ಮೇಲೆಯೇ ಬೀಳುತ್ತದೆ. ಹೊಸ ಪ್ಲಾಸ್ಮಿಡ್, ಹೊಸ ಕಾಲಮ್, ಹೊಸ ಬಫರ್ ಎಂದು ತಿಂಗಳುಗಳೇ ಕಳೆದುಹೋಗುತ್ತವೆ. ದೋಷ ಬಹಳಷ್ಟು ಸಲ ಇ3ಗಿಂತ ಮುಂಚಿನ ಹಂತದಲ್ಲಿ, ಅಂದರೆ ಕ್ರಿಯೆಗೆ ಶಕ್ತಿ ಕೊಡುವ ಎಟಿಪಿ, ಇ1 ಅಥವಾ ಇ2ನಲ್ಲಿ ಇರುತ್ತದೆ. ಇಲ್ಲವೇ ಪ್ರಯೋಗ ಮುಗಿದ ಮೇಲೆ ಸರಪಳಿಯನ್ನು ಕತ್ತರಿಸಿಹಾಕುವ ಕಿಣ್ವಗಳಲ್ಲಿ ಇರುತ್ತದೆ. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಗದ್ದೆಗೆ ನೀರು ಬಾರದಿದ್ದರೆ ರೈತ ಗದ್ದೆಯನ್ನು ಅಗೆಯುವುದಿಲ್ಲ, ಮೇಲಿನ ತೂಬಿನಿಂದ ನೋಡುತ್ತಾ ಬರುತ್ತಾನೆ. ಇಲ್ಲಿಯೂ ಅದೇ ಕ್ರಮವನ್ನು ಪಾಲಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಪರೀಕ್ಷೆಗಳಿಗೆ ಹೋಗುವ ಮೊದಲು ಕ್ರಿಯೆಯ ಹಂತಗಳು ಸ್ಪಷ್ಟವಾಗಿರಬೇಕು. ಯುಬಿಕ್ವಿಟಿನ್ 76 ಅಮೈನೊ ಆಮ್ಲಗಳ, ಸುಮಾರು 8.5 ಕಿಲೋಡಾಲ್ಟನ್ ತೂಕದ ಪುಟ್ಟ ಪ್ರೋಟೀನ್. ಅದರ ತುದಿಯಲ್ಲಿ ಎರಡು ಗ್ಲೈಸೀನ್‌ಗಳಿವೆ. ಇ1 ಕಿಣ್ವವು ಎಟಿಪಿಯನ್ನು ವ್ಯಯಿಸಿ ಆ ತುದಿಯನ್ನು ಚುರುಕುಗೊಳಿಸುತ್ತದೆ ಮತ್ತು ತನ್ನದೇ ಸಿಸ್ಟೀನ್ ಎಂಬ ಗಂಧಕವಿರುವ ಅಮೈನೊ ಆಮ್ಲಕ್ಕೆ ಥಯೋಎಸ್ಟರ್ ಬಂಧದಿಂದ ಕಟ್ಟಿಕೊಳ್ಳುತ್ತದೆ. ಅಲ್ಲಿಂದ ಯುಬಿಕ್ವಿಟಿನ್ ಇ2 ಕಿಣ್ವದ ಸಿಸ್ಟೀನ್‌ಗೆ ವರ್ಗವಾಗುತ್ತದೆ. ಇ3 ಕಿಣ್ವವು ಗುರಿ ಪ್ರೋಟೀನನ್ನು ಗುರುತಿಸಿ, ಅದರ ಲೈಸೀನ್ ಎಂಬ ಅಮೈನೊ ಆಮ್ಲಕ್ಕೆ ಯುಬಿಕ್ವಿಟಿನ್ ಅನ್ನು ಗಟ್ಟಿಯಾದ ಐಸೋಪೆಪ್ಟೈಡ್ ಬಂಧದಿಂದ ಸೇರಿಸುತ್ತದೆ. ಮನುಷ್ಯರ ಜೀವಕೋಶದಲ್ಲಿ ಯುಬಿಕ್ವಿಟಿನ್‌ಗೆಂದು ಇ1 ಎರಡೇ ಇವೆ, ಇ2 ಮೂವತ್ತಕ್ಕೂ ಹೆಚ್ಚು, ಇ3 ಆರುನೂರಕ್ಕೂ ಹೆಚ್ಚು. ಹಾಕಿದ ಗುರುತನ್ನು ಕಿತ್ತುಹಾಕುವ ಡಿಯುಬಿ ಕಿಣ್ವಗಳು ನೂರರ ಆಸುಪಾಸು. ಥಯೋಎಸ್ಟರ್ ಬಂಧ ಡಿಟಿಟಿಯಂಥ ಅಪಕರ್ಷಕ ಸೋಕಿದರೆ ಬಿಡುತ್ತದೆ, ಐಸೋಪೆಪ್ಟೈಡ್ ಬಂಧ ಬಿಡುವುದಿಲ್ಲ. ಮುಂದೆ ಬರುವ ಥಯೋಎಸ್ಟರ್ ಪರೀಕ್ಷೆ ಈ ಒಂದು ವ್ಯತ್ಯಾಸವನ್ನೇ ಆಧರಿಸಿದೆ.

ಕೈ ಹಾಕುವ ಮುನ್ನ ಎಚ್ಚರಿಕೆ

ಗಟ್ಟಿಯಾಗದ ಅಕ್ರಿಲಮೈಡ್ ನರಗಳಿಗೆ ವಿಷ. ಜೆಲ್ ಸುರಿಯುವಾಗ ಕೈಗವಸು ಕಡ್ಡಾಯ, ಉಳಿದ ದ್ರಾವಣವನ್ನು ಸಿಂಕಿಗೆ ಚೆಲ್ಲದೆ ಗಟ್ಟಿಯಾಗಲು ಬಿಟ್ಟು ಎಸೆಯಬೇಕು. ಡಿಯುಬಿಗಳನ್ನು ತಡೆಯಲು ಬಳಸುವ ಎನ್‌ಇಎಂ ಪುಡಿ ಕಣ್ಣು, ಚರ್ಮ, ಶ್ವಾಸಕೋಶಗಳನ್ನು ಸುಡುವಂಥದ್ದು, ಅದನ್ನು ಫ್ಯೂಮ್ ಹುಡ್‌ನ ಒಳಗೇ ತೂಗಬೇಕು. ಜೀವಕೋಶದಲ್ಲಿ ಪ್ರೋಟೀನ್ ಅರೆಯುವ ಪ್ರೋಟಿಯಾಸೋಮ್ ಅನ್ನು ತಡೆಯುವ ಎಂಜಿ132ನ್ನು ಕರಗಿಸುವ ಡಿಎಂಎಸ್‌ಒ ದ್ರಾವಕ ಚರ್ಮದ ಮೂಲಕ ಒಳಗಿಳಿಯುತ್ತದೆ ಮತ್ತು ತನ್ನಲ್ಲಿ ಕರಗಿರುವ ವಸ್ತುವನ್ನೂ ಜೊತೆಗೆ ಒಯ್ಯುತ್ತದೆ. ಗ್ವಾನಿಡೀನ್ ಇರುವ ತ್ಯಾಜ್ಯಕ್ಕೆ ಬ್ಲೀಚ್ ಸುರಿದರೆ ವಿಷಾನಿಲ ಹುಟ್ಟುತ್ತದೆ. ಈ ಎರಡೂ ಒಂದೇ ಬಾಟಲಿಗೆ ಎಂದಿಗೂ ಹೋಗಬಾರದು. ಜೆಲ್ ಟ್ಯಾಂಕಿನ ಮುಚ್ಚಳ ತೆಗೆಯುವ ಮೊದಲು ವಿದ್ಯುತ್ ಆರಿಸಬೇಕು. ಕರೆಂಟ್ ತಾನಾಗಿಯೇ ಹೋದ ಹೊತ್ತಿನಲ್ಲೂ ಸ್ವಿಚ್ ಆರಿಸಿಯೇ ಮುಚ್ಚಳಕ್ಕೆ ಕೈಯಿಡಬೇಕು, ಏಕೆಂದರೆ ಅದು ಯಾವ ಕ್ಷಣದಲ್ಲಾದರೂ ಮರಳಬಹುದು.

ಲಕ್ಷಣ: ಎಟಿಪಿ ಹಾಕಿದ ಲೇನ್‌ಗೂ ಹಾಕದ ಲೇನ್‌ಗೂ ವ್ಯತ್ಯಾಸವೇ ಇಲ್ಲ

ಪ್ರೋಟೀನ್‌ಗಳನ್ನು ತೂಕಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್‌ನಲ್ಲಿ ಒಂದೊಂದು ಮಾದರಿ ಓಡುವ ಸಾಲೇ ಲೇನ್, ಅದರಲ್ಲಿ ಪ್ರೋಟೀನ್ ಕಾಣುವ ಗೆರೆಯೇ ಬ್ಯಾಂಡ್. ಯಾವ ಪ್ರಯೋಗದಲ್ಲಾದರೂ ಎಟಿಪಿ ಇಲ್ಲದ ಒಂದು ಲೇನ್ ಇರಲೇಬೇಕು. ಅದನ್ನು ಬಿಟ್ಟು ಓಡಿಸಿದ ಜೆಲ್‌ನಿಂದ ಯಾವ ದೋಷವನ್ನೂ ಪತ್ತೆಹಚ್ಚಲಾಗದು. ಆ ಲೇನ್ ಇದ್ದು, ಎರಡೂ ಒಂದೇ ರೀತಿ ಕಂಡರೆ, ಕ್ರಿಯೆ ಮೊದಲ ಹಂತದಲ್ಲಿಯೇ ನಿಂತಿದೆ ಎಂದು ತಿಳಿಯಬೇಕು.

ಮೊದಲು ನೋಡಬೇಕಾದದ್ದು ಎಟಿಪಿಯ ಪಿಎಚ್, ಇದಕ್ಕೆ ತಗಲುವ ಖರ್ಚು ಒಂದು ಪಿಎಚ್ ಪಟ್ಟಿ ಮಾತ್ರ. ಎಟಿಪಿಯ ಡೈಸೋಡಿಯಂ ಲವಣವನ್ನು ಬರಿಯ ನೀರಿನಲ್ಲಿ ಕರಗಿಸಿದರೆ ದ್ರಾವಣ ಸಾಕಷ್ಟು ಆಮ್ಲೀಯವಾಗಿರುತ್ತದೆ. ಸ್ಟಾಕ್‌ನಿಂದ ಒಂದು ಮೈಕ್ರೋಲೀಟರ್ ತೆಗೆದು ಪಟ್ಟಿಯ ಮೇಲಿಟ್ಟು ನೋಡಿ: ಪಟ್ಟಿ ಕಿತ್ತಳೆ ಅಥವಾ ಕೆಂಪು ಬಣ್ಣಕ್ಕೆ ತಿರುಗಿದರೆ ಆ ಸ್ಟಾಕನ್ನು ಯಾರೂ ತಟಸ್ಥಗೊಳಿಸಿಲ್ಲ ಎಂದರ್ಥ, ಮತ್ತು ಅದನ್ನು ಹಾಕಿದೊಡನೆ ನಿಮ್ಮ ಇಪ್ಪತ್ತು ಮೈಕ್ರೋಲೀಟರ್ ಮಿಶ್ರಣದ ಬಫರ್ ಸೋತಿರುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಹನಿಹನಿಯಾಗಿ ಸೇರಿಸಿ ಪಿಎಚ್ 7ರ ಹತ್ತಿರಕ್ಕೆ ತಂದು, ಸಣ್ಣ ಸಣ್ಣ ಟ್ಯೂಬುಗಳಿಗೆ ಹಂಚಿ ಫ್ರೀಜ್ ಮಾಡಿ, ಒಮ್ಮೆ ಕರಗಿಸಿದ ಟ್ಯೂಬನ್ನು ಮತ್ತೆ ಒಳಗಿಡಬೇಡಿ.

ಎರಡನೆಯದು ಮೆಗ್ನೀಸಿಯಂ. ಇ1 ಬಳಸುವುದು ಮೆಗ್ನೀಸಿಯಂ ಜೊತೆಗೂಡಿದ ಎಟಿಪಿಯನ್ನು. ಶುದ್ಧೀಕರಿಸಿದ ಪ್ರೋಟೀನ್‌ಗಳಲ್ಲಿ ಯಾವುದಾದರೊಂದು, ಲೋಹದ ಅಯಾನುಗಳನ್ನು ಹಿಡಿಯುವ ಇಡಿಟಿಎ ಇರುವ ಬಫರ್‌ನಲ್ಲಿದ್ದರೆ, ಒಂದೊಂದು ಇಡಿಟಿಎ ಅಣುವೂ ಒಂದೊಂದು ಮೆಗ್ನೀಸಿಯಂ ಅಯಾನನ್ನು ಹಿಡಿದುಕೊಳ್ಳುತ್ತದೆ. ಆದ್ದರಿಂದ ಎಟಿಪಿ ಮತ್ತು ಇಡಿಟಿಎ ಎರಡರ ಮೊತ್ತಕ್ಕಿಂತ ಮೆಗ್ನೀಸಿಯಂ ಹೆಚ್ಚಿರಬೇಕು. 2ರಿಂದ 5 ಮಿಲಿಮೋಲಾರ್ ಎಟಿಪಿಗೆ 5ರಿಂದ 10 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್ ಎಂಬುದು ರೂಢಿ.

ಮೂರನೆಯದು ಫ್ರೀಜರ್. ಏಪ್ರಿಲ್ ತಿಂಗಳ ಮೈಸೂರಿನಲ್ಲಿ ಮಧ್ಯಾಹ್ನ ಕರೆಂಟ್ ಹೋಗಿ ಸಂಜೆ ಬಂದರೆ, ಮರುದಿನ ಬೆಳಿಗ್ಗೆ ಬಾಗಿಲು ತೆಗೆದವರಿಗೆ ಎಲ್ಲವೂ ಎಂದಿನಂತೆ ಗಟ್ಟಿಯಾಗಿಯೇ ಕಾಣುತ್ತದೆ. ನಡುವೆ ಕರಗಿತ್ತೇ ಎಂದು ತಿಳಿಯಲು ಸುಲಭದ ಉಪಾಯವಿದೆ: ಒಂದು ಸಣ್ಣ ಲೋಟದಲ್ಲಿ ನೀರನ್ನು ಹೆಪ್ಪುಗಟ್ಟಿಸಿ, ಮೇಲೆ ಒಂದು ರೂಪಾಯಿ ನಾಣ್ಯವಿಟ್ಟು ಫ್ರೀಜರ್‌ನ ಮೂಲೆಯಲ್ಲಿಡಿ. ನಾಣ್ಯ ಮಂಜಿನ ಮೇಲೆಯೇ ಇದ್ದರೆ ಚಿಂತೆಯಿಲ್ಲ; ಒಳಗೆ ಇಳಿದು ಹುದುಗಿದ್ದರೆ ಆ ಫ್ರೀಜರ್ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿದೆ. ತಾನಾಗಿಯೇ ಹಿಮ ಕರಗಿಸಿಕೊಳ್ಳುವ ಮನೆಬಳಕೆಯ ಫ್ರೀಜರ್‌ಗಳಲ್ಲಿ ಕಿಣ್ವಗಳನ್ನು ಇಡಲೇಬಾರದು. ಇ1 ಸುಮಾರು 118 ಕಿಲೋಡಾಲ್ಟನ್‌ನ ದೊಡ್ಡ, ಸೂಕ್ಷ್ಮ ಕಿಣ್ವ. ಕರಗಿ ಗಟ್ಟಿಯಾಗುವುದನ್ನು ತಾಳದೆ ಮೊದಲು ಸೋಲುವುದು ಅದೇ. ಬೆಂಗಳೂರಿನಿಂದ ಡ್ರೈ ಐಸ್ ಪೆಟ್ಟಿಗೆಯಲ್ಲಿ ಬಂದ ಇ1 ಆಗಿದ್ದರೆ, ತೆರೆದ ದಿನ ಪೆಟ್ಟಿಗೆಯಲ್ಲಿ ಡ್ರೈ ಐಸ್ ಉಳಿದಿತ್ತೇ ಎಂಬುದನ್ನು ನೋಟ್‌ಬುಕ್‌ನಲ್ಲಿ ಬರೆದಿಡುವುದು ಒಳ್ಳೆಯ ಅಭ್ಯಾಸ, ದೂರು ಕೊಡಬೇಕಾದಾಗ ಆ ಒಂದು ಸಾಲೇ ಆಧಾರವಾಗುತ್ತದೆ.

ಯುಬಿಕ್ವಿಟಿನ್ ಅನ್ನು ಮಾತ್ರ ಕೊನೆಯಲ್ಲಿ ಅನುಮಾನಿಸಿ. ಆವ್ರಾಮ್ ಹರ್ಷ್ಕೊ ಮತ್ತು ಆರನ್ ಚೀಹನೋವರ್ ಈ ಮಾರ್ಗವನ್ನು ಬಿಡಿಸುವಾಗ ಆ ಅಂಶವನ್ನು ಪ್ರತ್ಯೇಕಿಸಿದ್ದೇ ರೆಟಿಕ್ಯುಲೊಸೈಟ್ ಎಂಬ ಎಳೆಯ ಕೆಂಪು ರಕ್ತಕಣಗಳ ಸಾರವನ್ನು ಕಾಯಿಸಿ: ಉಳಿದ ಬಹುತೇಕ ಪ್ರೋಟೀನ್‌ಗಳು ಒಡೆದ ಹಾಲಿನಂತೆ ಕೆಳಗಿಳಿದರೂ ಅದು ದ್ರಾವಣದಲ್ಲಿ ಹಾಗೆಯೇ ಉಳಿಯುತ್ತಿತ್ತು. ಅರ್ವಿನ್ ರೋಸ್ ಅವರೊಂದಿಗೆ ಇವರಿಬ್ಬರಿಗೆ 2004ರ ರಸಾಯನಶಾಸ್ತ್ರದ ನೊಬೆಲ್ ಬಂದದ್ದು ಈ ಕೆಲಸಕ್ಕಾಗಿಯೇ. ಕುದಿತವನ್ನು ತಾಳುವ ಪ್ರೋಟೀನ್ ಒಂದು ಸಂಜೆಯ ಕರೆಂಟ್ ಕಡಿತಕ್ಕೆ ಕೆಡುವ ಸಂಭವ ಬಹಳ ಕಡಿಮೆ.

ಇಷ್ಟೆಲ್ಲ ಸರಿಯಿದ್ದರೆ ಥಯೋಎಸ್ಟರ್ ಪರೀಕ್ಷೆ ಮಾಡಿ. ಇ1, ಇ2, ಯುಬಿಕ್ವಿಟಿನ್ ಮತ್ತು ಎಟಿಪಿಯನ್ನು ಮಾತ್ರ ಸೇರಿಸಿ, ಇ3 ಹಾಕದೆ, 37 ಡಿಗ್ರಿಯಲ್ಲಿ ಹತ್ತು ನಿಮಿಷ ಇಡಿ. ಅರ್ಧವನ್ನು ಅಪಕರ್ಷಕವಿಲ್ಲದ, ಪ್ರೋಟೀನ್‌ಗಳ ಮಡಿಕೆ ಬಿಚ್ಚುವ ಎಸ್‌ಡಿಎಸ್ ಇರುವ ಬಫರ್‌ನಿಂದ, ಇನ್ನರ್ಧವನ್ನು ಧಾರಾಳವಾಗಿ ಡಿಟಿಟಿ ಇರುವ ಬಫರ್‌ನಿಂದ ನಿಲ್ಲಿಸಿ. ಮೊದಲ ಅರ್ಧವನ್ನು ಕುದಿಸಬೇಡಿ. ಯುಬಿಇ2ಡಿ ಗುಂಪಿನ ಇ2 ಸುಮಾರು 17 ಕಿಲೋಡಾಲ್ಟನ್‌ನ ಬ್ಯಾಂಡ್ ಆಗಿ ಓಡುತ್ತದೆ, ಯುಬಿಕ್ವಿಟಿನ್ ಹೊತ್ತಾಗ 25ರ ಹತ್ತಿರಕ್ಕೆ ಏರುತ್ತದೆ. ಡಿಟಿಟಿ ಇಲ್ಲದ ಲೇನ್‌ನಲ್ಲಿ 25ರ ಬ್ಯಾಂಡ್ ಇದ್ದು ಡಿಟಿಟಿ ಲೇನ್‌ನಲ್ಲಿ ಅದು ಮಾಯವಾದರೆ, ಇ1 ಮತ್ತು ಇ2 ಎರಡೂ ಆರೋಗ್ಯವಾಗಿವೆ. ಇ1ನ ಬ್ಯಾಂಡ್ ಮೇಲಕ್ಕೆ ಸರಿದು ಇ2ನದು ಸರಿಯದಿದ್ದರೆ ದೋಷ ಇ2ನದು. ಸಾಮಾನ್ಯವಾಗಿ ಅದರ ಸಿಸ್ಟೀನ್ ಗಾಳಿಯಲ್ಲಿ ಆಕ್ಸಿಡೀಕರಣಗೊಂಡಿರುತ್ತದೆ, ಡಿಟಿಟಿಯಿಲ್ಲದೆ ತಿಂಗಳುಗಟ್ಟಲೆ ಇಟ್ಟ ಪ್ರೋಟೀನ್‌ಗೆ ಹೀಗಾಗುವುದು ಸಹಜ. ಎರಡೂ ಸರಿಯದಿದ್ದರೆ ದೋಷ ಇ1ನದು ಅಥವಾ ಎಟಿಪಿಯದು. ಡಿಟಿಟಿ ಹಾಕಿದ ಮೇಲೂ 25ರ ಬ್ಯಾಂಡ್ ಉಳಿದರೆ ಇ2 ತನ್ನದೇ ಲೈಸೀನ್‌ಗೆ ಯುಬಿಕ್ವಿಟಿನ್ ಕಟ್ಟಿಕೊಂಡಿದೆ. ಅದು ಕೆಲವು ಇ2ಗಳ ಸ್ವಭಾವ, ದೋಷವಲ್ಲ.

ಇಲ್ಲಿ ನಿಲ್ಲಬೇಕಾದ ಗೆರೆಯೊಂದಿದೆ. ಹೊಸ ಎಟಿಪಿಯೊಂದಿಗೆ ಮತ್ತೆ ಮಾಡಿದರೂ ಇ1ನ ಬ್ಯಾಂಡ್ ಮೇಲಕ್ಕೆ ಸರಿಯದಿದ್ದರೆ ಅದನ್ನು ಸರಿಪಡಿಸುವ ಪ್ರಯತ್ನಕ್ಕೆ ಹೋಗಬೇಡಿ. ನಿಮ್ಮ ಗೈಡ್‌ಗೆ ತಿಳಿಸಿ, ಪಕ್ಕದ ಪ್ರಯೋಗಾಲಯದಿಂದ ಕೆಲಸ ಮಾಡುತ್ತಿರುವ ಇ1ನ ಒಂದೆರಡು ಮೈಕ್ರೋಲೀಟರ್ ಕೇಳಿ ತಂದು ಅಕ್ಕಪಕ್ಕದಲ್ಲಿಟ್ಟು ಹೋಲಿಸಿ. 50ರಿಂದ 100 ನ್ಯಾನೊಮೋಲಾರ್ ಸಾಕಾಗುವ ಕಿಣ್ವವಿದು, ಕೊಡುವವರಿಗೂ ಹೊರೆಯಾಗುವುದಿಲ್ಲ.

ಲಕ್ಷಣ: ಇ2 ಯುಬಿಕ್ವಿಟಿನ್ ಹೊರುತ್ತಿದೆ, ಇ3 ಹಾಕಿದರೂ ಮುಂದೆ ಏನೂ ಆಗುತ್ತಿಲ್ಲ

ಇ3ಯನ್ನು ಅನುಮಾನಿಸುವ ಸರದಿ ಈಗ ಬಂದಿದೆ. ಆದರೂ ಮೊದಲ ಪ್ರಶ್ನೆ ಇ3 ಸತ್ತಿದೆಯೇ ಎಂಬುದಲ್ಲ, ಅದಕ್ಕೆ ಸರಿಯಾದ ಇ2 ಜೋಡಿ ಸಿಕ್ಕಿದೆಯೇ ಎಂಬುದು. ಇ3ಗಳಲ್ಲಿ ಮೂರು ದೊಡ್ಡ ಪಂಗಡಗಳಿವೆ. ರಿಂಗ್ ಪಂಗಡದವು ಯುಬಿಕ್ವಿಟಿನ್ ಅನ್ನು ತಾವು ಮುಟ್ಟುವುದಿಲ್ಲ, ಇ2ನ್ನೂ ಗುರಿಯನ್ನೂ ಹತ್ತಿರ ತಂದು ಇ2ನಿಂದಲೇ ನೇರವಾಗಿ ದಾಟಿಸುತ್ತವೆ. ಹೆಕ್ಟ್ ಪಂಗಡದವು ಮೊದಲು ತಮ್ಮ ಸಿಸ್ಟೀನ್‌ಗೆ ವರ್ಗಾಯಿಸಿಕೊಂಡು ಅನಂತರ ಗುರಿಗೆ ಕೊಡುತ್ತವೆ. ಪಾರ್ಕಿನ್ ಸೇರಿರುವ ಆರ್‌ಬಿಆರ್ ಪಂಗಡ ರಿಂಗ್‌ನಂತೆ ಇ2ನ್ನು ಹಿಡಿದು ಹೆಕ್ಟ್‌ನಂತೆ ವರ್ಗಾಯಿಸುತ್ತದೆ. ಯುಬಿಇ2ಎಲ್3 ಎಂಬ ಇ2 ಸಿಸ್ಟೀನ್‌ಗೆ ಮಾತ್ರ ಯುಬಿಕ್ವಿಟಿನ್ ದಾಟಿಸಬಲ್ಲದು, ಲೈಸೀನ್‌ಗೆ ನೇರವಾಗಿ ದಾಟಿಸದು; ಆದ್ದರಿಂದ ಹೆಕ್ಟ್ ಮತ್ತು ಆರ್‌ಬಿಆರ್‌ಗಳೊಂದಿಗೆ ಚೆನ್ನಾಗಿ ದುಡಿಯುವ ಅದು ರಿಂಗ್ ಇ3ಯೊಂದಿಗೆ ಸುಮ್ಮನಿರುತ್ತದೆ. ಕೈಗೆ ಸಿಕ್ಕಿತೆಂದು ಅದನ್ನೇ ರಿಂಗ್ ಇ3ಗೆ ಹಾಕಿದವರು ಎಷ್ಟು ಶುದ್ಧೀಕರಿಸಿದರೂ ಫಲ ಸಿಗದು. ಗೊತ್ತಿಲ್ಲದ ಇ3ಗೆ ಮೊದಲು ಯುಬಿಇ2ಡಿ ಗುಂಪನ್ನು ಪ್ರಯತ್ನಿಸಿ, ಅದು ಹಲವು ಇ3ಗಳೊಂದಿಗೆ ಹೊಂದಿಕೊಳ್ಳುತ್ತದೆ. ಆದರೆ ಅದೇ ಕಾರಣಕ್ಕೆ, ಅದರೊಂದಿಗೆ ಸಿಕ್ಕ ಫಲಿತಾಂಶ ಜೀವಕೋಶದೊಳಗಿನ ನಿಜವಾದ ಜೋಡಿ ಇದೇ ಎಂದು ಸಾಬೀತುಮಾಡುವುದಿಲ್ಲ.

ಜೋಡಿ ಸರಿಯಿದ್ದರೆ ಬಫರ್‌ನ ಇತಿಹಾಸವನ್ನು ಕೆದಕಿ. ರಿಂಗ್ ರಚನೆಯನ್ನು ಹಿಡಿದಿಡುವುದು ಎರಡು ಸತು ಅಯಾನುಗಳು. ಶುದ್ಧೀಕರಣದ ವೇಳೆ ಇಡಿಟಿಎ ಬಳಸಿದ್ದರೆ ಸತು ಕಳಚಿ ರಚನೆ ಕುಸಿದಿರಬಹುದು. ಅಂಥ ಪ್ರೋಟೀನ್‌ಗೆ ಕೊನೆಯಲ್ಲಿ ಸತು ಹಾಕಿ ಬದುಕಿಸುವುದಕ್ಕಿಂತ, ಆ ಪ್ರೋಟೀನ್ ತಯಾರಿಸುವ ಇ. ಕೋಲಿ ಬ್ಯಾಕ್ಟೀರಿಯಾ ಬೆಳೆಸುವಾಗಲೇ ಮಾಧ್ಯಮಕ್ಕೆ ಸ್ವಲ್ಪ ಸತು ಲವಣ ಸೇರಿಸಿ, ಇಡಿಟಿಎ ಇಲ್ಲದ ಪ್ರೋಟಿಯೇಸ್ ತಡೆಕಗಳನ್ನು ಬಳಸಿ ಹೊಸದಾಗಿ ತೆಗೆಯುವುದು ಮೇಲು. ಹೆಕ್ಟ್ ಅಥವಾ ಆರ್‌ಬಿಆರ್ ಆಗಿದ್ದರೆ ಸಿಸ್ಟೀನ್ ಆಕ್ಸಿಡೀಕರಣಗೊಂಡಿದೆಯೇ ಎಂದು ಹೊಸ ಡಿಟಿಟಿಯಿಂದ ಪರೀಕ್ಷಿಸಿ, ಆದರೆ ಕ್ರಿಯೆಯಲ್ಲಿ 1 ಮಿಲಿಮೋಲಾರ್ ಮೀರಬೇಡಿ.

ಕೆಲವು ಇ3ಗಳು ಕೆಟ್ಟಿರುವುದಿಲ್ಲ, ಬೀಗ ಹಾಕಿಕೊಂಡಿರುತ್ತವೆ. ಪಿಂಕ್1 ಎಂಬ ಕೈನೇಸ್ ಯುಬಿಕ್ವಿಟಿನ್ ಮತ್ತು ಪಾರ್ಕಿನ್ ಎರಡನ್ನೂ ಫಾಸ್ಫೊರಿಲೀಕರಿಸುವವರೆಗೆ, ಅಂದರೆ ಅವಕ್ಕೆ ಫಾಸ್ಫೇಟ್ ಅಂಟಿಸುವವರೆಗೆ, ಪಾರ್ಕಿನ್ ತನ್ನ ಸಕ್ರಿಯ ಭಾಗವನ್ನು ತಾನೇ ಮುಚ್ಚಿಕೊಂಡಿರುತ್ತದೆ. ಕಲಿನ್ ಕುಟುಂಬದ ಇ3ಗಳಿಗೆ ನೆಡ್8 ಎಂಬ, ಯುಬಿಕ್ವಿಟಿನ್‌ನನ್ನೇ ಹೋಲುವ ಪ್ರೋಟೀನ್ ಅಂಟಿದ ಮೇಲೆಯೇ ಪೂರ್ಣ ಚುರುಕು ಬರುತ್ತದೆ. ನಿಮ್ಮ ಇ3 ಇಂಥ ಕುಟುಂಬಕ್ಕೆ ಸೇರಿದ್ದರೆ, ಶುದ್ಧೀಕರಣವನ್ನು ಮತ್ತೆ ಮಾಡುವ ಮೊದಲು ಆ ಬೀಗದ ಬಗ್ಗೆ ಓದಿಕೊಳ್ಳುವುದರಿಂದ ಹಣವೂ ಸಮಯವೂ ಉಳಿಯುತ್ತದೆ.

ಲಕ್ಷಣ: ದಟ್ಟವಾದ ಸ್ಮಿಯರ್ ಬಂದಿದೆ, ಆದರೆ ಗುರಿ ಪ್ರೋಟೀನ್ ಹಾಕದ ಲೇನ್‌ನಲ್ಲೂ ಬಂದಿದೆ

ಸ್ಮಿಯರ್ ಎಂದರೆ ಬಿಡಿ ಬ್ಯಾಂಡ್‌ಗಳಾಗಿ ಕಾಣದೆ ಲೇನ್‌ನ ಉದ್ದಕ್ಕೂ ಹರಡಿದ ಕಲೆ. ಈ ಲಕ್ಷಣ ಖಾಲಿ ಜೆಲ್‌ಗಿಂತ ಅಪಾಯಕಾರಿ, ಏಕೆಂದರೆ ನೋಡಿದವರು ಸಂತೋಷಪಟ್ಟು ಅಲ್ಲಿಯೇ ನಿಲ್ಲುತ್ತಾರೆ. ರಿಂಗ್ ಇ3ಗಳು ಹತ್ತಿರದಲ್ಲಿ ಗುರಿ ಇಲ್ಲದಿದ್ದರೆ ತಮ್ಮದೇ ಲೈಸೀನ್‌ಗಳಿಗೆ ಯುಬಿಕ್ವಿಟಿನ್ ಕಟ್ಟಿಕೊಳ್ಳುತ್ತವೆ. ಎಷ್ಟೋ ಇ3ಗಳು ಗುರಿ ಇದ್ದಾಗಲೂ ಹಾಗೆಯೇ ಮಾಡುತ್ತವೆ. ಯುಬಿಕ್ವಿಟಿನ್ ಆಂಟಿಬಾಡಿಯಿಂದ ಬ್ಲಾಟ್ ಮಾಡಿದಾಗ, ಅಂದರೆ ಜೆಲ್‌ನ ಪ್ರೋಟೀನ್‌ಗಳನ್ನು ಮೆಂಬ್ರೇನ್‌ಗೆ ವರ್ಗಾಯಿಸಿ ಯುಬಿಕ್ವಿಟಿನ್‌ಗೆ ಅಂಟುವ ಆಂಟಿಬಾಡಿಯಿಂದ ಗುರುತಿಸಿದಾಗ, ಇ3ಯ ಮೇಲಿನ ಸರಪಳಿ, ಗುರಿಯ ಮೇಲಿನ ಸರಪಳಿ, ಯಾವುದಕ್ಕೂ ಅಂಟದ ಬಿಡಿ ಸರಪಳಿ ಎಲ್ಲವೂ ಒಂದೇ ಸ್ಮಿಯರ್ ಆಗಿ ಕಾಣುತ್ತವೆ. ಆದ್ದರಿಂದ ಆ ಬ್ಲಾಟ್ ಕ್ರಿಯೆ ನಡೆದಿದೆ ಎಂದು ಮಾತ್ರ ಹೇಳುತ್ತದೆ, ಯಾವ ಪ್ರೋಟೀನ್‌ನ ಮೇಲೆ ನಡೆದಿದೆ ಎಂದು ಹೇಳುವುದಿಲ್ಲ.

ಪರಿಹಾರ ಸರಳ: ಅದೇ ಮಾದರಿಯನ್ನು ಗುರಿ ಪ್ರೋಟೀನ್‌ನ ಆಂಟಿಬಾಡಿಯಿಂದ ಇನ್ನೊಮ್ಮೆ ಬ್ಲಾಟ್ ಮಾಡಿ. 40 ಕಿಲೋಡಾಲ್ಟನ್‌ನ ಗುರಿಗೆ ಒಂದು ಯುಬಿಕ್ವಿಟಿನ್ ಸೇರಿದರೆ 48ರ ಆಚೀಚೆ, ಎರಡಾದರೆ 57ರ ಆಚೀಚೆ ಮೆಟ್ಟಿಲುಗಳು ಕಾಣಬೇಕು. ಮೆಟ್ಟಿಲು ಎಣಿಸಬಹುದಾದಷ್ಟು ಸ್ಪಷ್ಟವಾಗಿದ್ದು, ಎಟಿಪಿ ಇಲ್ಲದ ಲೇನ್‌ನಲ್ಲಿ ಇಲ್ಲದಿದ್ದು, ಇ3 ಇಲ್ಲದ ಲೇನ್‌ನಲ್ಲಿಯೂ ಇಲ್ಲದಿದ್ದರೆ ಮಾತ್ರ ನಿಮ್ಮ ಗುರಿಗೆ ಆ ಇ3ಯೇ ಗುರುತು ಹಾಕಿದೆ ಎಂದು ಬರೆಯಬಹುದು. ಈ ಮೂರರಲ್ಲಿ ಒಂದು ಲೇನ್ ಕೊರತೆಯಿದ್ದರೂ ಆ ವಾಕ್ಯವನ್ನು ಪ್ರಬಂಧದಲ್ಲಿ ಬರೆಯಬಾರದು ಎಂಬುದರಲ್ಲಿ ನನಗೆ ರಾಜಿಯಿಲ್ಲ. ಶುದ್ಧೀಕರಣಕ್ಕೆಂದು ಇ3ಗೆ ಅಂಟಿಸಿದ ಜಿಎಸ್‌ಟಿ ಟ್ಯಾಗ್ ಕೂಡ ಲೈಸೀನ್‌ಗಳಿಂದ ತುಂಬಿರುವ ಪ್ರೋಟೀನ್, ಸ್ಮಿಯರ್‌ನ ಒಂದು ಪಾಲು ಅದರ ಮೇಲಿನದೇ ಆಗಿರಬಹುದು. ಸಾಧ್ಯವಾದರೆ ಟ್ಯಾಗ್ ಕತ್ತರಿಸಿ ಹೋಲಿಸಿ.

ಲಕ್ಷಣ: ಒಂದೆರಡು ಮೆಟ್ಟಿಲು ಮಾತ್ರ ಕಾಣುತ್ತದೆ, ಸರಪಳಿ ಬೆಳೆಯುವುದಿಲ್ಲ

ಇದು ದೋಷವೇ ಅಲ್ಲದಿರಬಹುದು. ಜೀವಕೋಶದಲ್ಲಿ ಒಂದೇ ಯುಬಿಕ್ವಿಟಿನ್ ಸೇರುವುದಕ್ಕೂ ಅದರದೇ ಅರ್ಥವಿದೆ. ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನ್‌ಗಳ ಮೇಲೆ ಅದು ಸಾಮಾನ್ಯ. ಮೊದಲು ಸಮಯ ಮತ್ತು ಪ್ರಮಾಣ ನೋಡಿ: ಯುಬಿಕ್ವಿಟಿನ್ 10 ಮೈಕ್ರೋಮೋಲಾರ್‌ಗಿಂತ ಕಡಿಮೆಯಿದ್ದರೆ ಅದು ಬೇಗ ಮುಗಿದುಹೋಗಬಹುದು. ಆಮೇಲೆ ಟ್ಯೂಬಿನ ಮೇಲಿನ ಚೀಟಿ ಓದಿ. ಮೀಥೈಲ್ ಯುಬಿಕ್ವಿಟಿನ್ ಅಥವಾ ಎಲ್ಲ ಏಳು ಲೈಸೀನ್‌ಗಳನ್ನೂ ಆರ್ಜಿನೀನ್‌ಗೆ ಬದಲಿಸಿದ ಯುಬಿಕ್ವಿಟಿನ್ ಗುರಿಗೆ ಸೇರಬಲ್ಲದು, ಆದರೆ ಅದರ ಲೈಸೀನ್‌ಗಳ ಮೇಲೆ ಮುಂದಿನ ಕೊಂಡಿ ಬೆಳೆಯಲಾರದು. ಪೆಟ್ಟಿಗೆಯಲ್ಲಿ ಎಲ್ಲ ಟ್ಯೂಬುಗಳೂ ಒಂದೇ ರೀತಿ ಕಾಣುತ್ತವೆ. ಅದೇ ರೂಪಾಂತರವನ್ನು ಉದ್ದೇಶಪೂರ್ವಕವಾಗಿ ಬಳಸಿದರೆ ಉಪಯುಕ್ತ ಪರೀಕ್ಷೆಯಾಗುತ್ತದೆ: ಸಹಜ ಯುಬಿಕ್ವಿಟಿನ್‌ನಲ್ಲೂ ಲೈಸೀನ್ ಇಲ್ಲದ ಯುಬಿಕ್ವಿಟಿನ್‌ನಲ್ಲೂ ಮೆಟ್ಟಿಲುಗಳು ಒಂದೇ ಸಂಖ್ಯೆಯಲ್ಲಿ ಬಂದರೆ, ಅವು ಸರಪಳಿಯಲ್ಲ, ಗುರಿಯ ಬೇರೆ ಬೇರೆ ಲೈಸೀನ್‌ಗಳಿಗೆ ಒಂದೊಂದಾಗಿ ಸೇರಿದ ಯುಬಿಕ್ವಿಟಿನ್‌ಗಳು.

ಕೊಂಡಿ ಯಾವ ಲೈಸೀನ್‌ನ ಮೂಲಕ ಬೆಳೆಯುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು, ರಿಂಗ್ ಇ3ಗಳ ಸಂದರ್ಭದಲ್ಲಿ, ಇ2. ಯುಬಿಇ2ಎನ್ ಮತ್ತು ಯುಬಿಇ2ವಿ1 ಜೋಡಿ ಕೆ63 ಸರಪಳಿ (ಯುಬಿಕ್ವಿಟಿನ್‌ನ 63ನೆಯ ಸ್ಥಾನದ ಲೈಸೀನ್ ಮೂಲಕ ಬೆಳೆಯುವುದು) ಕಟ್ಟುತ್ತದೆ, ಯುಬಿಇ2ಆರ್1 ಕೆ48, ಯುಬಿಇ2ಎಸ್ ಕೆ11. ಕೆಲವು ಇ2ಗಳು ಮೊದಲ ಯುಬಿಕ್ವಿಟಿನ್ ಹಾಕುವುದರಲ್ಲಿ ನಿಪುಣ, ಕೆಲವು ಸರಪಳಿ ಬೆಳೆಸುವುದರಲ್ಲಿ; ಎರಡನ್ನೂ ಒಟ್ಟಿಗೆ ಹಾಕಿದಾಗ ಮಾತ್ರ ಉದ್ದ ಸರಪಳಿ ಕಾಣುವುದುಂಟು.

ಲಕ್ಷಣ: ಟ್ಯೂಬಿನಲ್ಲಿ ಸರಪಳಿ ಬರುತ್ತದೆ, ಜೀವಕೋಶದ ಸಾರದಲ್ಲಿ ಮಾತ್ರ ಏನೂ ಕಾಣುವುದಿಲ್ಲ

ಇಲ್ಲಿ ಕ್ರಿಯೆ ನಡೆದಿರುತ್ತದೆ, ಆದರೆ ಅದರ ಗುರುತನ್ನು ಅಳಿಸಿಹಾಕಲಾಗಿರುತ್ತದೆ. ಜೀವಕೋಶವನ್ನು ಒಡೆದ ಕ್ಷಣದಲ್ಲಿ ಡಿಯುಬಿಗಳು ಬಿಡುಗಡೆಯಾಗಿ, ಮಂಜುಗಡ್ಡೆಯ ಮೇಲಿದ್ದರೂ ಸರಪಳಿಯನ್ನು ಕತ್ತರಿಸತೊಡಗುತ್ತವೆ. ಹೆಚ್ಚಿನ ಡಿಯುಬಿಗಳು ಸಿಸ್ಟೀನ್ ಬಳಸುವ ಕಿಣ್ವಗಳಾದ್ದರಿಂದ ಒಡೆಯುವ ಬಫರ್‌ಗೆ ಅದೇ ಹೊತ್ತಿಗೆ ತಯಾರಿಸಿದ 10ರಿಂದ 20 ಮಿಲಿಮೋಲಾರ್ ಎನ್‌ಇಎಂ ಹಾಕುವುದು ಅತ್ಯಂತ ಅಗ್ಗದ ಪರಿಹಾರ. ಲೋಹ ಬಳಸುವ ಇನ್ನೊಂದು ಸಣ್ಣ ಗುಂಪಿನ ಡಿಯುಬಿಗಳಿಗೆ ಎನ್‌ಇಎಂ ತಾಗುವುದಿಲ್ಲ, ಅದಕ್ಕಾಗಿ ಇಲ್ಲಿ ಇಡಿಟಿಎಯನ್ನೂ ಸೇರಿಸಬೇಕು. ಟ್ಯೂಬಿನ ಪ್ರಯೋಗದಲ್ಲಿ ಶತ್ರುವಾಗಿದ್ದ ಇಡಿಟಿಎ ಇಲ್ಲಿ ಮಿತ್ರ.

ಎನ್‌ಇಎಂ ಹಾಕಿಯೂ ಫಲ ಸಿಗದವರ ಬಫರ್ ಪಟ್ಟಿಯನ್ನು ನೋಡಿದರೆ, ಅನೇಕ ಸಲ ಅದರಲ್ಲಿಯೇ ಡಿಟಿಟಿ ಅಥವಾ ಬೀಟಾ ಮರ್ಕ್ಯಾಪ್ಟೊಎಥನಾಲ್ ಇರುತ್ತದೆ. ಎನ್‌ಇಎಂ ಮೊದಲು ಅವುಗಳೊಂದಿಗೇ ವರ್ತಿಸಿ ಮುಗಿದುಹೋಗುತ್ತದೆ. ಹಳೆಯ ಪ್ರೋಟೋಕಾಲ್‌ನ ಮೇಲೆ ಹೊಸ ಸಾಲನ್ನು ಸೇರಿಸಿಕೊಂಡು ಬಂದಾಗ ಹೀಗಾಗುತ್ತದೆ, ಆದ್ದರಿಂದ ಇಡೀ ಬಫರನ್ನು ಮೊದಲಿನಿಂದ ಓದಬೇಕು. ಎನ್‌ಇಎಂ ನೀರಿನಲ್ಲಿ ಬೇಗ ಕೆಡುತ್ತದೆ; ಎಥನಾಲ್‌ನಲ್ಲಿ ಅಂದೇ ಕರಗಿಸಿದ್ದನ್ನು ಬಳಸಿ.

ಇದರ ಮುಂದಿನ ಹೆಜ್ಜೆ ಡಿಯುಬಿಗಳಿಗೆ ಅವಕಾಶವನ್ನೇ ಕೊಡದಿರುವುದು. ಜೀವಕೋಶಗಳನ್ನು ನೇರವಾಗಿ 1 ಪ್ರತಿಶತ ಎಸ್‌ಡಿಎಸ್ ಇರುವ ಬಿಸಿ ಬಫರ್‌ನಲ್ಲಿ ಒಡೆದು, 95 ಡಿಗ್ರಿಯಲ್ಲಿ ಐದರಿಂದ ಹತ್ತು ನಿಮಿಷ ಕಾಯಿಸಿ, ಸೂಜಿಯಿಂದ ಎಳೆದು ಡಿಎನ್‌ಎಯ ಅಂಟನ್ನು ಮುರಿದು, ಹತ್ತು ಪಟ್ಟು ಟ್ರೈಟಾನ್ ಎಂಬ ಸೌಮ್ಯ ಡಿಟರ್ಜೆಂಟ್ ಇರುವ ಬಫರ್‌ನಿಂದ ತೆಳುಗೊಳಿಸಿ, ಅನಂತರ ಗುರಿಯನ್ನು ಅದರ ಆಂಟಿಬಾಡಿಯಿಂದ ಹಿಡಿದು ಹೊರಗೆ ಎಳೆಯಿರಿ. ಈ ವಿಧಾನಕ್ಕೆ ಇನ್ನೊಂದು ದೊಡ್ಡ ಲಾಭವಿದೆ: ಗುರಿಗೆ ಸುಮ್ಮನೆ ಅಂಟಿಕೊಂಡಿದ್ದ ಬೇರೆ ಪ್ರೋಟೀನ್‌ಗಳು ಕಳಚಿಹೋಗುವುದರಿಂದ, ಕಂಡ ಸ್ಮಿಯರ್ ಗುರಿಯ ಮೇಲಿನದೇ ಎಂಬ ಭರವಸೆ ಬಲವಾಗುತ್ತದೆ. ತೆಳುಗೊಳಿಸುವುದನ್ನು ಮರೆತರೆ ಎಸ್‌ಡಿಎಸ್ ಆಂಟಿಬಾಡಿಯನ್ನೇ ಹಾಳುಮಾಡುತ್ತದೆ.

ಸರಪಳಿ ಹೊತ್ತ ಗುರಿ ಪ್ರೋಟಿಯಾಸೋಮ್‌ನಲ್ಲಿ ಅರೆದುಹೋಗುತ್ತಿರಲೂಬಹುದು. ನಾಲ್ಕು ಅಥವಾ ಹೆಚ್ಚು ಕೊಂಡಿಗಳ ಕೆ48 ಸರಪಳಿ ಅದಕ್ಕೆ ಸ್ಪಷ್ಟ ಸೂಚನೆ. ಒಡೆಯುವ ಮೊದಲು ನಾಲ್ಕರಿಂದ ಆರು ಗಂಟೆ 10ರಿಂದ 20 ಮೈಕ್ರೋಮೋಲಾರ್ ಎಂಜಿ132 ಕೊಟ್ಟು, ಪಕ್ಕದಲ್ಲಿ ಡಿಎಂಎಸ್‌ಒ ಮಾತ್ರ ಕೊಟ್ಟ ಜೀವಕೋಶಗಳನ್ನು ಇಟ್ಟು ಹೋಲಿಸಿ. ರಾತ್ರಿಯಿಡೀ ಎಂಜಿ132ನಲ್ಲಿ ಬಿಡಬೇಡಿ. ಜೀವಕೋಶಗಳು ಸಾಯತೊಡಗುತ್ತವೆ ಮತ್ತು ಬಿಡಿ ಯುಬಿಕ್ವಿಟಿನ್ ಮುಗಿದು ಬೇರೆಯೇ ಚಿತ್ರ ಕಾಣುತ್ತದೆ. ಎಂಜಿ132 ಕೊಟ್ಟರೂ ಗುರಿ ಹೆಚ್ಚದಿದ್ದರೆ, ಅದರ ಸರಪಳಿ ಕೆ63 ಆಗಿದ್ದು, ಅದರ ಕೆಲಸ ಗುರಿಯನ್ನು ಅರೆಯಲು ಕಳಿಸುವುದಾಗಿರದೆ ಸಂದೇಶ ರವಾನೆಯಾಗಿರಬಹುದು, ಅಥವಾ ಗುರಿ ಪ್ರೋಟೀನ್‌ಗಳನ್ನು ಜೀರ್ಣಿಸುವ ಇನ್ನೊಂದು ಅಂಗವಾದ ಲೈಸೋಸೋಮ್‌ಗೆ ಹೋಗುತ್ತಿರಬಹುದು.

ಲಕ್ಷಣ: ಬ್ಲಾಟ್ ಅಂದಗೆಟ್ಟಿದೆ

25 ಮತ್ತು 50 ಕಿಲೋಡಾಲ್ಟನ್‌ನಲ್ಲಿ ದಪ್ಪ ಬ್ಯಾಂಡ್‌ಗಳು ಎಲ್ಲ ಲೇನ್‌ಗಳಲ್ಲೂ ಇದ್ದರೆ ಅವು ಎಳೆಯಲು ಬಳಸಿದ ಆಂಟಿಬಾಡಿಯದೇ ತುಂಡುಗಳು. ಎಳೆಯಲು ಒಂದು ಪ್ರಾಣಿಯದ್ದು, ಬ್ಲಾಟ್‌ಗೆ ಇನ್ನೊಂದು ಪ್ರಾಣಿಯದ್ದು ಬಳಸಿದರೆ ಕಡಿಮೆಯಾಗುತ್ತವೆ. ಸ್ಮಿಯರ್‌ನ ನಡುವೆ ಸುಟ್ಟಂತೆ ಬಿಳಿಯಾಗಿದ್ದರೆ ಆಂಟಿಬಾಡಿ ಅತಿಯಾಗಿದೆ, ತೆಳುಗೊಳಿಸಿ. ಬಿಡಿ ಯುಬಿಕ್ವಿಟಿನ್ ಕಾಣದಿದ್ದರೆ ಅದು ಜೆಲ್‌ನಿಂದ ಕೆಳಗೆ ಓಡಿಹೋಗಿದೆ ಅಥವಾ ಮೆಂಬ್ರೇನ್ ದಾಟಿದೆ: 0.2 ಮೈಕ್ರಾನ್ ರಂಧ್ರದ ಮೆಂಬ್ರೇನ್ ಮತ್ತು 4ರಿಂದ 20 ಪ್ರತಿಶತದ ಗ್ರೇಡಿಯಂಟ್ ಜೆಲ್ ಬಳಸಿ. ಎಫ್‌ಕೆ2 ಆಂಟಿಬಾಡಿ ಬಿಡಿ ಯುಬಿಕ್ವಿಟಿನ್ ಅನ್ನು ಗುರುತಿಸುವುದಿಲ್ಲ, ಪಿ4ಡಿ1 ಗುರುತಿಸುತ್ತದೆ. ಯಾವುದು ಕೈಯಲ್ಲಿದೆ ಎಂದು ತಿಳಿಯದೆ ಬ್ಯಾಂಡ್ ಇಲ್ಲವೆಂದು ಕೊರಗುವುದು ವ್ಯರ್ಥ. ಸಂಕೇತ ತೀರಾ ಮಸುಕಾಗಿದ್ದರೆ, ಪ್ರೋಟೀನ್ ವರ್ಗಾಯಿಸಿದ ಮೆಂಬ್ರೇನನ್ನು ಬ್ಲಾಕ್ ಮಾಡುವ ಮೊದಲು ನೀರಿನಲ್ಲಿ ಕೆಲವು ನಿಮಿಷ ಕುದಿಸಿ. ಬಿಗಿಯಾಗಿ ಮಡಿಚಿಕೊಂಡಿರುವ ಯುಬಿಕ್ವಿಟಿನ್ ತೆರೆದು ಆಂಟಿಬಾಡಿಗೆ ಸಿಗುತ್ತದೆ.

ಲಕ್ಷಣ: ಮಾಸ್ ಸ್ಪೆಕ್ ವರದಿಯಲ್ಲಿ ಅಸಂಭವ ಲೈಸೀನ್‌ಗಳ ಮೇಲೂ ಯುಬಿಕ್ವಿಟಿನ್ ತೋರಿಸುತ್ತಿದೆ

ಮಾಸ್ ಸ್ಪೆಕ್ ಯಂತ್ರ ಪ್ರೋಟೀನ್ ತುಂಡುಗಳ ದ್ರವ್ಯರಾಶಿಯನ್ನು ಅಳೆಯುತ್ತದೆ. ಪ್ರೋಟೀನ್ ತುಂಡರಿಸುವ ಟ್ರಿಪ್ಸಿನ್ ಕಿಣ್ವ ಯುಬಿಕ್ವಿಟಿನ್ ಅನ್ನು ಕತ್ತರಿಸಿದಾಗ ಗುರಿಯ ಲೈಸೀನ್‌ನ ಮೇಲೆ ಎರಡು ಗ್ಲೈಸೀನ್ ಮಾತ್ರ ಉಳಿದು ದ್ರವ್ಯರಾಶಿ 114.04 ಡಾಲ್ಟನ್ ಹೆಚ್ಚುತ್ತದೆ. ಮಾದರಿ ತಯಾರಿಸುವಾಗ ಸಿಸ್ಟೀನ್‌ಗಳನ್ನು ಮುಚ್ಚಲು ಅಯೋಡೊಅಸಿಟಮೈಡ್ ಬಳಸಿ ಬಿಸಿ ಮಾಡಿದ್ದರೆ ಅದರ ಎರಡು ಅಣುಗಳು ಲೈಸೀನ್‌ಗೆ ಸೇರಿ ಅಷ್ಟೇ ದ್ರವ್ಯರಾಶಿಯನ್ನು ಕೊಡುತ್ತವೆ, ಯಂತ್ರ ಮೋಸಹೋಗುತ್ತದೆ. ಕ್ಲೋರೊಅಸಿಟಮೈಡ್‌ಗೆ ಬದಲಾಯಿಸಿ. ಯುಬಿಕ್ವಿಟಿನ್ ಅನ್ನು ಹೋಲುವ ನೆಡ್8 ಮತ್ತು ಐಎಸ್‌ಜಿ15 ಪ್ರೋಟೀನ್‌ಗಳು ಕೂಡ ಟ್ರಿಪ್ಸಿನ್ ನಂತರ ಇದೇ ಎರಡು ಗ್ಲೈಸೀನ್‌ಗಳನ್ನು ಉಳಿಸುತ್ತವೆ ಎಂಬುದೂ ನೆನಪಿರಲಿ.

ಈ ಹಂತವನ್ನು ಒಬ್ಬರೇ ನಿಭಾಯಿಸಲು ಹೋಗಬೇಡಿ. ಮಾದರಿ ತಯಾರಿಸುವ ಮೊದಲೇ ಮಾಸ್ ಸ್ಪೆಕ್ ನೋಡಿಕೊಳ್ಳುವವರೊಂದಿಗೆ ಕುಳಿತು ಮಾತನಾಡಿ. ಎಸ್‌ಡಿಎಸ್, ಟ್ರೈಟಾನ್ ಮತ್ತು ಕೈಗವಸಿಲ್ಲದ ಬೆರಳಿನ ಕೆರಾಟಿನ್ ಇರುವ ಮಾದರಿಯನ್ನು ಅವರು ವಾಪಸು ಕಳುಹಿಸುತ್ತಾರೆ. ಹೋಗುವಾಗ ಎಟಿಪಿ ಇಲ್ಲದ ಲೇನ್, ಇ3 ಇಲ್ಲದ ಲೇನ್ ಮತ್ತು ಡಿಟಿಟಿ ಹಾಕಿದ, ಹಾಕದ ಥಯೋಎಸ್ಟರ್ ಜೆಲ್‌ನ ಚಿತ್ರಗಳನ್ನೂ, ಪ್ರತಿ ಬಫರ್‌ನ ಪೂರ್ಣ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ. ಅವರು ಮೊದಲು ಕೇಳುವುದು ಅವುಗಳನ್ನೇ.